ಎರಡೇ ವರ್ಷಕ್ಕೆ ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಅಂತಾರೆ, ಮಗನನ್ನು ಅಲ್ಲೇ ಬಿಡಲಾ ಗರಡಿಗೆ ಕಳಿಸಲಾ?

ಹಳೇಪೇಟೆಯವ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಗನಿಗೆ ಒಂಬತ್ತು ವರ್ಷ. ಮನೆ ಹತ್ತಿರದ ಕರಾಟೆ ಕ್ಲಾಸಿಗೆ ಹೋಗುತ್ತಿದ್ದಾನೆ. ಖುಷಿಯಾಗಿಯೇ ಹೋಗುತ್ತಾನೆ, ಅದರಲ್ಲಿ ತಕರಾರಿಲ್ಲ. ನನ್ನ ತಲೆಬಿಸಿ ಬೇರೆ. ಮೂರು ತಿಂಗಳಿಗೊಂದು ಬೆಲ್ಟ್ ಪರೀಕ್ಷೆ. ಪರೀಕ್ಷೆಗೆ ಫೀಸು, ಬೆಲ್ಟಿಗೆ ಫೀಸು, ಸರ್ಟಿಫಿಕೇಟಿಗೆ ಫೀಸು. ಆ ಕ್ಲಾಸಿನಲ್ಲಿ ಒಬ್ಬ ಹುಡುಗನೂ ಫೇಲ್ ಆಗಿದ್ದನ್ನು ನಾನು ನೋಡಿಲ್ಲ. ಮೊನ್ನೆ ಅಪ್ಪ ಅಮ್ಮಂದಿರನ್ನೆಲ್ಲ ಕೂರಿಸಿಕೊಂಡು "ಎರಡು ವರ್ಷದ ಪ್ಯಾಕೇಜ್ ತಗೊಳ್ಳಿ, ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ" ಅಂದರು. ಅವನಿಗೆ ಇನ್ನೂ ಬೀಳುವುದಕ್ಕೇ ಸರಿಯಾಗಿ ಬರುವುದಿಲ್ಲ. ತಳ್ಳಿದರೆ ಕೈ ಊರಿ ಬೀಳುತ್ತಾನೆ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಪಾಳಿ ಮುಗಿದ ಮೇಲೆ ಗರಡಿ. ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮೊದಲು ಮಟ್ಟಿ, ಅಂದರೆ ಕುಸ್ತಿ ಆಡುವ ಮಣ್ಣು, ಹದ ಮಾಡಬೇಕು, ದಂಡ ಬಸ್ಕಿ ಹೊಡೆಯಬೇಕು, ದೊಡ್ಡವರ ಸಾಮು ನೋಡುತ್ತಾ ಕೂರಬೇಕು. ಉಸ್ತಾದರು ಹೂಂ ಅನ್ನುವವರೆಗೆ ಜೋಡಿ ಕೊಡುತ್ತಿರಲಿಲ್ಲ. ಬೆಲ್ಟೂ ಇಲ್ಲ, ಸರ್ಟಿಫಿಕೇಟೂ ಇಲ್ಲ. ಈಗ ಮಗನನ್ನು ಅಲ್ಲಿಗೇ ಸೇರಿಸಬೇಕು ಅನ್ನಿಸುತ್ತಿದೆ. ಮನೆಯವಳು ಬೇಡ ಅಂತಾಳೆ. ಏನು ಮಾಡಲಿ?

ಭದ್ರಾ ನಾಲೆ

ಬಿಡಿಸಿ. ಯಾರೂ ಫೇಲ್ ಆಗದ ಪರೀಕ್ಷೆ ಪರೀಕ್ಷೆಯೇ ಅಲ್ಲ.

ದುರ್ಗದ ಹುಡುಗಿ (ಚಿತ್ರದುರ್ಗ)

ಅಣ್ಣಾ, ನಾನು ಕರಾಟೆ ಕಲಿಸುವವಳು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ಗ್ಯಾರಂಟಿ ಅಂತ ಹೇಳಿದ್ದು ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಬ್ಲ್ಯಾಕ್ ಬೆಲ್ಟ್ ಗ್ಯಾರಂಟಿ ಕೊಡುವವರಿಗೆ ನಿಮ್ಮ ಮಗ ಯಾರು ಅಂತಲೇ ಗೊತ್ತಿಲ್ಲ ಅಂತ ಅರ್ಥ. ಟೇಕ್ವಾಂಡೋದಲ್ಲಿ ಕೊರಿಯಾದ ಕುಕ್ಕಿವಾನ್ ಸಂಸ್ಥೆಯೇ ಹದಿನೈದು ವರ್ಷದೊಳಗಿನ ಮಕ್ಕಳಿಗೆ ದೊಡ್ಡವರ ದರ್ಜೆ ಕೊಡುವುದಿಲ್ಲ. ಮಕ್ಕಳಿಗೇ ಅಂತ ಬೇರೆ ದರ್ಜೆ ಇದೆ, ಬೆಲ್ಟ್ ಕೂಡ ಕೆಂಪು ಕಪ್ಪು ಸೇರಿದ್ದು. ಇಷ್ಟು ವಿವೇಕ ಎಲ್ಲರಿಗೂ ಬೇಕು.

ಆದರೆ ಬೆಲ್ಟೇ ಮೋಸ ಅನ್ನಬೇಡಿ. ಬೆಲ್ಟು ಹಳೇ ಸಂಪ್ರದಾಯ ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಅದೂ ಅಲ್ಲ. ಜಿಗೊರೊ ಕಾನೊ 1882ರಲ್ಲಿ ಕೊಡೊಕಾನ್ ಅನ್ನುವ ಜೂಡೋ ಶಾಲೆ ಶುರು ಮಾಡಿ, ಜೂಡೋದಲ್ಲಿ ಈ ದರ್ಜೆಗಳನ್ನು ತಂದರು. ಗಿಚಿನ್ ಫುನಾಕೋಶಿ ಒಕಿನಾವಾದಿಂದ ಟೋಕಿಯೊಗೆ ಬಂದು ಕರಾಟೆ ತೋರಿಸಿದ್ದು 1922ರಲ್ಲಿ. ಎರಡು ವರ್ಷ ಕಳೆದ ಮೇಲೆ ಜೂಡೋ ನೋಡಿಯೇ ತಮ್ಮ ಶಿಷ್ಯರಿಗೂ ದರ್ಜೆ ಕೊಟ್ಟರು. ಹಳದಿ, ಕಿತ್ತಳೆ, ಹಸಿರು ಬಣ್ಣಗಳು ಜನಪ್ರಿಯ ಆಗಿದ್ದು ಯುರೋಪಿನ ಜೂಡೋ ಕ್ಲಬ್ಬುಗಳಿಂದ, 1930ರ ದಶಕದಲ್ಲಿ. ಮಕ್ಕಳಿಗೆ ಅದು ಒಂದು ಹುಮ್ಮಸ್ಸು. ಅದನ್ನು ಗಳಿಸಬೇಕು ಅನ್ನುವುದು ಉಳಿಯಬೇಕು, ಅಷ್ಟೇ. ನನ್ನ ಕ್ಲಾಸಿನಲ್ಲಿ ಫೇಲ್ ಮಾಡುತ್ತೇನೆ. ಫೇಲ್ ಮಾಡಿದಾಗ ಜಗಳಕ್ಕೆ ಬರುವವರು ಮಕ್ಕಳಲ್ಲ, ಅಪ್ಪ ಅಮ್ಮ. "ಫೀಸ್ ಕಟ್ಟಿದ್ದೀವಲ್ಲ ಮೇಡಂ" ಅಂತ ಕೇಳುತ್ತಾರೆ. ಇದನ್ನೂ ಯೋಚಿಸಿ.

ಮಟ್ಟಿ ಮೈ (ಹರಿಹರ)

ತಂಗೀ, ಸರಿಯಾಗಿ ಹೇಳಿದ್ದೀಯ. ನಾನು ಹಳೇ ಪೈಲ್ವಾನ್. ಈಗ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದೇನೆ, ಬೆಳಗ್ಗೆ ಹುಡುಗರಿಗೆ ಸಾಮು ಹೇಳಿಕೊಡುತ್ತೇನೆ.

ಗರಡಿ ಅಂದರೆ ಬರೀ ಪಟ್ಟು ಕಲಿಯುವ ಜಾಗ ಅಲ್ಲ ಕಣ್ರೀ. ಚಪ್ಪಲಿ ಹೊರಗೆ. ಒಳಗೆ ಬಂದರೆ ಮೊದಲು ಆಂಜನೇಯನಿಗೆ, ಆಮೇಲೆ ಮಟ್ಟಿಗೆ ಕೈ ಮುಗಿಯಬೇಕು. ನಮ್ಮ ಉಸ್ತಾದರು ಮುಸಲ್ಮಾನರು. ಅವರೂ ಮಟ್ಟಿ ಮುಟ್ಟಿ ಹಣೆಗೆ ಹಚ್ಚಿಕೊಂಡೇ ಇಳಿಯುತ್ತಿದ್ದರು. ಕೆಮ್ಮಣ್ಣಿಗೆ ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಶಿಣ ಹಾಕಿ ಹದ ಮಾಡುತ್ತೇವೆ. ಆ ಕೆಲಸಕ್ಕೆ ಸಾಹುಕಾರನ ಮಗ, ಹಮಾಲಿ ಮಗ ಅಂತ ಭೇದ ಇಲ್ಲ, ಎಲ್ಲರ ಕೈಯಲ್ಲೂ ಸಲಿಕೆ. ದೊಡ್ಡ ಪೈಲ್ವಾನನಿಗೆ ಚಿಕ್ಕ ಹುಡುಗನನ್ನು ಜೋಡಿ ಕೊಟ್ಟರೆ ದೊಡ್ಡವನು ತನ್ನ ಬಲ ಹಿಡಿದುಕೊಂಡು ಆಡಿಸಬೇಕು. ಹಾಗೆ ಆಡಿಸಿ ಆಡಿಸಿಯೇ ಚಿಕ್ಕವನು ಕಲಿಯುವುದು. ಬೀದಿಯಲ್ಲಿ ಯಾರ ಮೇಲಾದರೂ ಕೈ ಮಾಡಿದ ಅಂತ ಗೊತ್ತಾದರೆ ಮಾರನೇ ದಿನ ಅವನು ಮಟ್ಟಿಗೆ ಇಳಿಯುವ ಹಾಗಿಲ್ಲ. ಒಬ್ಬ ಒಳ್ಳೇ ಹುಡುಗನನ್ನು ಹೀಗೇ ಹೊರಗೆ ನಿಲ್ಲಿಸಿದ್ದು ನೋಡಿದ್ದೇನೆ. ಜಾತ್ರೆ ಕುಸ್ತಿ ಹತ್ತಿರ ಬಂದಿತ್ತು, ಅವನು ಗೆಲ್ಲುವುದು ಖಾತ್ರಿ ಇತ್ತು. ಉಸ್ತಾದರು ಬಿಡಲೇ ಇಲ್ಲ. ಗರಡಿಯ ಹೆಸರು ಬರುವ ಅವಕಾಶ ಹೋಯಿತು. ಹೋದರೆ ಹೋಗಲಿ ಅಂದರು.

ಈಗಿನ ಯಾವ ಕ್ಲಾಸು ತನ್ನ ಗೆಲ್ಲುವ ಹುಡುಗನನ್ನು ಹಾಗೆ ನಿಲ್ಲಿಸುತ್ತದೆ ಹೇಳಿ? ಹಳೇಪೇಟೆಯವರೇ, ಮಗನನ್ನು ಗರಡಿಗೆ ಕಳಿಸಿ.

ಪಿಬಿ ರೋಡ್

ಪೈಲ್ವಾನ್ರೇ, ನಿಮ್ಮ ಮೇಲೆ ಗೌರವ ಇದೆ, ಆದರೂ ಒಂದು ಮಾತು. "ಗರಡಿಯಲ್ಲಿ ದುಡ್ಡು ಇರಲಿಲ್ಲ, ಮೌಲ್ಯ ಇತ್ತು, ಈಗ ಬರೀ ವ್ಯಾಪಾರ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದುಡ್ಡು ಯಾವಾಗಲೂ ಇತ್ತು, ಕೊಡುವವನು ಬೇರೆ ಇದ್ದ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ಮಾನಸೋಲ್ಲಾಸದಲ್ಲಿ ಮಲ್ಲರ ವಿನೋದಕ್ಕೇ ಒಂದು ಭಾಗ ಇದೆ. ಮಲ್ಲರಲ್ಲಿ ದರ್ಜೆಗಳಿದ್ದವು, ಅವರ ಊಟ, ಸಾಕಣೆ ಎಲ್ಲಾ ಅರಮನೆ ಖರ್ಚು. ಮೈಸೂರಿನ ಜಟ್ಟಿಗಳನ್ನು ಸಾಕಿದ್ದೂ ಅರಮನೆಯೇ. ನಮ್ಮ ಊರಲ್ಲಿ ವರ್ತಕರು, ಮಿಲ್ಲಿನವರು, ಜಾತ್ರೆ ಕಮಿಟಿಯವರು ಕೈ ಹಿಡಿದರು. ಮಿಲ್ಲುಗಳು ಮುಚ್ಚಿದವು. ಈಗ ಯಾರು ಕೊಡಬೇಕು? ಕಲಿಯುವವನೇ ಕೊಡಬೇಕು. ಅದಕ್ಕೆ ಫೀಸು.

ಬಾಡಿಗೆ ಕಟ್ಟಿ, ಮ್ಯಾಟ್ ಹಾಕಿ, ಸಂಜೆ ಪೂರ್ತಿ ಮಕ್ಕಳ ಜೊತೆ ಕಳೆಯುವ ಮೇಷ್ಟ್ರು ಫೀಸು ಕೇಳಿದರೆ ಅದು ಪಾಪ ಅಲ್ಲ. ಪುಗಸಟ್ಟೆ ಕಲಿಸಲಿ ಅಂತ ಕಾದರೆ ಕಲೆಯೂ ಉಳಿಯಲ್ಲ, ಮೇಷ್ಟ್ರೂ ಉಳಿಯಲ್ಲ.

ಮಟ್ಟಿ ಮೈ (ಹರಿಹರ)

ಫೀಸು ತಗೊಳ್ಳಲಿ ಬಿಡಿ, ನಾನು ಬೇಡ ಅಂದೆನಾ? ಫೀಸು ತಗೊಂಡು ಕಲಿಸುವುದು ಬೇರೆ, ಫೀಸು ತಗೊಂಡು ಪಾಸು ಮಾಡುವುದು ಬೇರೆ.

ಬೆಣ್ಣೆದೋಸೆ ಭಕ್ತ

ಹಾಲು, ಬಾದಾಮಿ, ತುಪ್ಪದ ಈಗಿನ ರೇಟಿನಲ್ಲಿ ಒಬ್ಬ ಪೈಲ್ವಾನನನ್ನು ಸಾಕುವುದೂ ಕಷ್ಟ. ನನ್ನ ಅಣ್ಣ ಅದಕ್ಕೇ ಬಿಟ್ಟ. ಮನೆಯಲ್ಲಿ ಎರಡು ಎಮ್ಮೆ ಇದ್ದಾಗ ಕುಸ್ತಿ ಇತ್ತು, ಎಮ್ಮೆ ಮಾರಿದೆವು, ಕುಸ್ತಿ ನಿಂತಿತು.

ಕೆಳಗೋಟೆ ಅಕ್ಕ (ಚಿತ್ರದುರ್ಗ)

ಎಲ್ಲರೂ ಗರಡಿ ಗರಡಿ ಅಂತ ಬರೆಯುತ್ತಿದ್ದೀರಿ. ನನಗೆ ಇಬ್ಬರು ಹೆಣ್ಣುಮಕ್ಕಳು. ಅವರನ್ನು ಯಾವ ಗರಡಿಗೆ ಕಳಿಸಲಿ? ನನ್ನ ತವರೂರಲ್ಲಿ ಗರಡಿ ಹೊಸ್ತಿಲು ದಾಟಲು ಹೆಂಗಸರಿಗೆ ಬಿಡುತ್ತಿರಲಿಲ್ಲ. ಅಣ್ಣಂದಿರಿಗೆ ಊಟ ತಗೊಂಡು ಹೋದರೂ ಹೊರಗೇ ನಿಲ್ಲಬೇಕು. ಅದೂ ಸಂಪ್ರದಾಯವೇ ಅಲ್ವಾ? ಈಗ ಬಯಲು ಕುಸ್ತಿಯಲ್ಲಿ ಹೆಣ್ಣುಮಕ್ಕಳ ಜೋಡಿ ಬಿಡುತ್ತಾರೆ, ಸಂತೋಷ. ಆದರೆ ನನ್ನ ಮಕ್ಕಳಿಗೆ ಮೊದಲು ಬಾಗಿಲು ತೆಗೆದಿದ್ದು ಫೀಸು ತಗೊಳ್ಳುವ ಕರಾಟೆ ಕ್ಲಾಸು. ಅದನ್ನು ನಾನು ಮರೆಯುವುದಿಲ್ಲ.

ಸರ್ಕಾರಿ ಶಾಲೆಯಲ್ಲಿ ಹುಡುಗಿಯರಿಗೆ ರಾಣಿ ಲಕ್ಷ್ಮೀಬಾಯಿ ಹೆಸರಲ್ಲಿ ಮೂರು ತಿಂಗಳು ಆತ್ಮರಕ್ಷಣೆ ಕಲಿಸುತ್ತಾರೆ. ಮೂರು ತಿಂಗಳಲ್ಲಿ ಏನೂ ಬರಲ್ಲ ಅಂತ ನಗುತ್ತಾರೆ ಕೆಲವರು. ನಾನು ಶಿಕ್ಷಕಿ, ಕಣ್ಣಾರೆ ಕಂಡಿದ್ದೇನೆ. ಒದೆಯುವುದು ನೆಟ್ಟಗೆ ಬರದೇ ಇರಬಹುದು. ಗಂಟಲು ಬಿಟ್ಟು ಕೂಗುವುದು ಬಂತು. ಹಾಜರಿ ಕೂಗಿದರೂ ತಲೆ ಬಗ್ಗಿಸಿ ಪಿಸುಗುಟ್ಟುತ್ತಿದ್ದ ಹುಡುಗಿ ಮೈದಾನದಲ್ಲಿ ಕೂಗಿದಳು.

ಜೋಗಿಮಟ್ಟಿ ಗಾಳಿ

ಓಬವ್ವನ ಊರಿನವರು ನಾವು. ಹೆಣ್ಣುಮಕ್ಕಳಿಗೆ ಬಾಗಿಲು ಮುಚ್ಚಿದ ಸಂಪ್ರದಾಯ ನಮಗೆ ಬೇಡ. 1779ರಲ್ಲಿ ಹೈದರಾಲಿ ಕೋಟೆ ಗೆದ್ದಾಗ ಒನಕೆ ಹಿಡಿದು ನಿಂತವಳು ಅವಳು.

ದುರ್ಗದ ಹುಡುಗಿ (ಚಿತ್ರದುರ್ಗ)

ಸಣ್ಣ ತಿದ್ದುಪಡಿ. ಓಬವ್ವ ಕಿಂಡಿಯಲ್ಲಿ ನಿಂತಿದ್ದು ಕೋಟೆ ಬಿದ್ದ ದಿನ ಅಲ್ಲ. ಆ ಸಲ ಕೋಟೆ ಉಳಿಯಿತು. ಹೈದರಾಲಿಗೆ ಕೋಟೆ ಸಿಕ್ಕಿದ್ದು ಆಮೇಲೆ, 1779ರಲ್ಲಿ. ಎರಡನ್ನೂ ಸೇರಿಸಿ ಹೇಳುವುದು ಜಾಸ್ತಿಯಾಗಿದೆ, ಅದಕ್ಕೇ ಬರೆದೆ. ಉಳಿದ ಮಾತಿಗೆ ನನ್ನದೂ ಹೌದು.

ಜೂಡೋ ತಮ್ಮ

ಇಲ್ಲಿ ಕ್ರೀಡೆ ಒಂದು ಕಡೆ, ಸಂಪ್ರದಾಯ ಒಂದು ಕಡೆ ಅಂತ ಎಲ್ಲರೂ ಸುಮ್ನೆ ಒಪ್ಪಿಕೊಂಡು ಮಾತಾಡುತ್ತಿದ್ದೀರಿ. ನನಗೆ ಅದೇ ಸರಿ ಕಾಣುವುದಿಲ್ಲ. ಕಾನೊ ಮಾಡಿದ ದೊಡ್ಡ ಕೆಲಸ ಯಾವುದು ಗೊತ್ತಾ? ಹಳೇ ಜುಜುತ್ಸುವಿನಲ್ಲಿ ಕೈಕಾಲು ಮುರಿಯುವ ಪಟ್ಟುಗಳಿದ್ದವು. ಅವನ್ನು ನಿಜವಾಗಿ ಅಭ್ಯಾಸ ಮಾಡಿದರೆ ಜೋಡಿದಾರ ಆಸ್ಪತ್ರೆಗೆ ಹೋಗುತ್ತಾನೆ. ಹಾಗಾಗಿ ಅವನ್ನು ನಿಧಾನವಾಗಿ, ಮೊದಲೇ ಗೊತ್ತು ಮಾಡಿಕೊಂಡು ಮಾಡಬೇಕಿತ್ತು. ಕಾನೊ ಅಪಾಯದ ಪಟ್ಟುಗಳನ್ನು ಕಟಾಗೆ, ಅಂದರೆ ಮೊದಲೇ ಗೊತ್ತು ಮಾಡಿಕೊಂಡ ಅಭ್ಯಾಸಕ್ಕೆ, ಮೀಸಲಿಟ್ಟರು. ಉಳಿದವನ್ನು ಪೂರ್ತಿ ಬಲ ಹಾಕಿ ಆಡಲು ಬಿಟ್ಟರು. ಎದುರಿನವನು ಬಿಡಿಸಿಕೊಳ್ಳಲು ಒದ್ದಾಡುವಾಗಲೂ ಎತ್ತಿ ಹಾಕಬೇಕು. ಅದು ರಾಂದೋರಿ. ಜೂಡೋದವನ ಕೈ ಹಿಡಿತಕ್ಕೆ ಬೆಲೆ ಬಂದಿದ್ದು ಅಲ್ಲಿಂದ.

ನಮ್ಮ ಗರಡಿಯಲ್ಲೂ ಅದೇ ನಡೆಯುವುದು. ಜೋಡಿದಾರ ಸುಮ್ಮನೆ ನಿಲ್ಲುವುದಿಲ್ಲ. ಆ ಲೆಕ್ಕದಲ್ಲಿ ಗರಡಿ ಮತ್ತು ಜೂಡೋ ಅಣ್ಣತಮ್ಮಂದಿರು. ಗಾಳಿಗೆ ಗುದ್ದಿ, ಹಲಗೆ ಒಡೆದು, ಯಾರ ಮೈಯನ್ನೂ ಮುಟ್ಟದೆ ಬೆಲ್ಟ್ ಕೊಡುವ ಕ್ಲಾಸು ಈ ಎರಡಕ್ಕೂ ದೂರ. ಅದು ಎಷ್ಟೇ ಹಳೇ ಪರಂಪರೆ ಹೆಸರು ಹೇಳಲಿ.

ಭದ್ರಾ ನಾಲೆ

ಕ್ರೀಡೆ ಆದರೆ ಏನಾಗುತ್ತದೆ ಅಂತ ಟೋಕಿಯೊ ಒಲಿಂಪಿಕ್ಸಿನಲ್ಲೇ ನೋಡಿದೆವಲ್ಲ. 2021ರಲ್ಲಿ ನಡೆದ ಆ ಕೂಟದಲ್ಲಿ ಕರಾಟೆ ಮೊದಲ ಸಲ ಬಂತು. 75 ಕೆಜಿ ಮೇಲಿನ ಗಂಡಸರ ಫೈನಲ್. ಸೌದಿಯ ತಾರೆಗ್ ಹಮೇದಿ 4-1ರಿಂದ ಮುಂದಿದ್ದ. ತಲೆಗೆ ಒದ್ದ, ಇರಾನಿನ ಸಜ್ಜಾದ್ ಗಂಜ್‌ಜಾದೆ ಪ್ರಜ್ಞೆ ತಪ್ಪಿ ಬಿದ್ದ. ಏಟಿನ ಬಲ ಮಿತಿ ಮೀರಿತು ಅಂತ ಒದ್ದವನನ್ನು ಅನರ್ಹ ಮಾಡಿದರು. ಸ್ಟ್ರೆಚರ್ ಮೇಲೆ ಹೋದವನಿಗೆ ಚಿನ್ನ. ಕಾದಾಟದ ಕಲೆಯಲ್ಲಿ ಬಿದ್ದವನು ಗೆದ್ದ ಅಂದರೆ ಇದಕ್ಕಿಂತ ಉದಾಹರಣೆ ಬೇಕಾ? 2024ರ ಪ್ಯಾರಿಸ್ಸಿಗೆ ಕರಾಟೆಯನ್ನು ಕೈಬಿಟ್ಟಿದ್ದೇ ಒಳ್ಳೆಯದಾಯಿತು.

ದುರ್ಗದ ಹುಡುಗಿ (ಚಿತ್ರದುರ್ಗ)

ಇಲ್ಲ ರೀ, ನೀವು ಕೊಟ್ಟ ಉದಾಹರಣೆ ನಿಮಗೇ ಎದುರು ನಿಲ್ಲುತ್ತದೆ. ಆ ನಿಯಮದ ಹಿಂದೆ ಇರುವುದು ಹಳೇ ಪಾಠವೇ. ಏಟು ಗುರಿ ಮುಟ್ಟಬೇಕು, ಆದರೆ ಕೊನೇ ಕ್ಷಣದಲ್ಲಿ ನಿಲ್ಲಬೇಕು. ನಿಲ್ಲಿಸಲು ಬರದವನಿಗೆ ಕಲೆ ಇನ್ನೂ ಕೈಗೆ ಬಂದಿಲ್ಲ. ಪೈಲ್ವಾನ್ ಅಣ್ಣ ಬರೆದರಲ್ಲ, ದೊಡ್ಡವನು ಬಲ ಹಿಡಿದು ಆಡಿಸಬೇಕು ಅಂತ. ಅದೇ ಮಾತು. ಮೈಸೂರಿನ ವಜ್ರಮುಷ್ಟಿ ಕಾಳಗ ನೋಡಿ. ವಿಜಯದಶಮಿ ದಿನ ತಲೆ ಬೋಳಿಸಿಕೊಂಡ ಜಟ್ಟಿಗಳು ಕೈಯಲ್ಲಿ ವಜ್ರಮುಷ್ಟಿ ಅನ್ನುವ ಮೊನಚಾದ ಆಯುಧ ತೊಟ್ಟು ಇಳಿಯುತ್ತಾರೆ. ಎಂಥಾ ಭಯಂಕರ ಅನ್ನಿಸುತ್ತದೆ. ಆದರೆ ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಕಾಳಗ ಮುಗಿಯಿತು. ಅಲ್ಲಿಗೆ ನಿಲ್ಲಿಸುವುದೇ ನಿಯಮ.

ಕ್ರೀಡಾ ಕರಾಟೆಯಲ್ಲಿ ನನಗೆ ನಿಜವಾಗಿ ಬೇಸರ ತರಿಸುವುದು ಬೇರೆ. ಅಂಕ ಸಮ ಆದರೆ ಮೊದಲು ಅಂಕ ಗಳಿಸಿದವನು ಗೆಲ್ಲುತ್ತಾನೆ ಅನ್ನುವ ನಿಯಮ ಇದೆ. ಫುನಾಕೋಶಿ ಕಲಿಸಿದ್ದು ಕರಾಟೆಯಲ್ಲಿ ಮೊದಲ ಏಟು ನಿನ್ನದಾಗಬಾರದು ಅಂತ. ಮಕ್ಕಳು ಪಂದ್ಯಕ್ಕೆ ತಯಾರಾಗುವಾಗ ದಿನವಿಡೀ ಮೊದಲು ಮುಟ್ಟಿ ಓಡುವುದನ್ನೇ ಅಭ್ಯಾಸ ಮಾಡುತ್ತಾರೆ. ಫುನಾಕೋಶಿಗೆ ಪಂದ್ಯಗಳೇ ಇಷ್ಟ ಇರಲಿಲ್ಲ. ಅವರು ತೀರಿಕೊಂಡ 1957ರಲ್ಲೇ ಜಪಾನ್ ಕರಾಟೆ ಅಸೋಸಿಯೇಷನ್ ತನ್ನ ಮೊದಲ ರಾಷ್ಟ್ರೀಯ ಪಂದ್ಯಾವಳಿ ನಡೆಸಿತು.

ಕ್ರೀಡಾ ಹಾಸ್ಟೆಲ್ ಹಳಬ

ನಾನು ಮಣ್ಣಿನಲ್ಲಿ ಶುರು ಮಾಡಿ ಮ್ಯಾಟಿಗೆ ಬಂದವನು. ಎರಡೂ ಕಡೆ ಪ್ರೀತಿ ಇದೆ, ಅದಕ್ಕೇ ಈ ಜಗಳ ನೋಡಿ ಸಂಕಟ ಆಗುತ್ತದೆ.

ಮಣ್ಣಿನಲ್ಲಿ ಚಿತ್ ಮಾಡಬೇಕು. ಬೆನ್ನು ನೆಲಕ್ಕೆ ತಾಗುವವರೆಗೆ ಕಾಯುವ ತಾಳ್ಮೆ ಬೇಕು. ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ಪ್ರತಿ ಹಿಡಿತಕ್ಕೂ ಅಂಕ. ಕಾಲು ಬೇರೆ ಥರ ಓಡಬೇಕು. ಮಣ್ಣಿನ ಹುಡುಗ ನೇರವಾಗಿ ಮ್ಯಾಟಿಗೆ ಬಂದರೆ ಒದ್ದಾಡುತ್ತಾನೆ. ಕೆ.ಡಿ. ಜಾಧವ್ ಕೂಡ ಮಣ್ಣಿನಿಂದ ಬಂದವರು. ಆ ಕಾಲದಲ್ಲಿ ನಮ್ಮವರಿಗೆ ಮ್ಯಾಟೇ ಹೊಸದು. 1952ರಲ್ಲಿ ಹೆಲ್ಸಿಂಕಿಯಲ್ಲಿ ಕಂಚು ಗೆದ್ದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ನಮ್ಮ ಬಾಗಲಕೋಟೆ ಕಡೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಚಾಂಪಿಯನ್‌ಶಿಪ್ಪಿನಲ್ಲಿ ಗ್ರೀಕೋ ರೋಮನ್ 55 ಕೆಜಿಯಲ್ಲಿ ಕಂಚು ಗೆದ್ದಾಗ ಹಾಸ್ಟೆಲ್ ಹುಡುಗರಿಗೆಲ್ಲಾ ಹಬ್ಬ.

ಬಡವರ ಮನೆ ಹುಡುಗನಿಗೆ ಮ್ಯಾಟ್ ಅಂದರೆ ಪೊಲೀಸ್, ರೈಲ್ವೆ, ಸೇನೆಯ ಕೆಲಸ. "ಕಲೆಗಾಗಿ ಕಲೆ" ಅಂತ ಅವನಿಗೆ ಹೇಳಬೇಡಿ. ಅವನ ಅಮ್ಮ ಕೂಲಿ ಮಾಡಿ ಹಾಲು ಕುಡಿಸಿರುತ್ತಾಳೆ.

ಆದರೆ ಕ್ರೀಡೆಯ ಒಂದು ಕೆಟ್ಟದ್ದನ್ನು ಹೇಳಲೇಬೇಕು, ತೂಕ ಇಳಿಸುವುದು. ಬೆಳೆಯುವ ಹುಡುಗನಿಗೆ ನೀರು ಬಿಡಿಸಿ, ರಗ್ಗು ಹೊದಿಸಿ ಓಡಿಸಿ, ಒಂದು ವರ್ಗ ಕೆಳಗೆ ಆಡಿಸುತ್ತಾರೆ. ವಿನೇಶ್ ಫೋಗಟ್ ಪ್ಯಾರಿಸ್ಸಿನಲ್ಲಿ ಫೈನಲ್ ದಿನ ಬೆಳಗ್ಗೆ 50 ಕೆಜಿಗೆ 100 ಗ್ರಾಂ ಹೆಚ್ಚಾಗಿ ಹೊರಬಿದ್ದಾಗ ನಾನು ಎಷ್ಟು ಅತ್ತೆ ಅಂತ ನನಗೇ ಗೊತ್ತು. ಆ ರಾತ್ರಿ ಆಕೆ ಏನು ಪಟ್ಟಿರಬಹುದು ಅಂತ ತೂಕ ಇಳಿಸಿದವರಿಗೆ ಮಾತ್ರ ಅರ್ಥ ಆಗುತ್ತದೆ. ದೊಡ್ಡವರು ಅದನ್ನು ಗೊತ್ತಿದ್ದೇ ಆರಿಸಿಕೊಳ್ಳುತ್ತಾರೆ. ಹನ್ನೆರಡು ವರ್ಷದ ಹುಡುಗನ ಮೇಲೆ ಅದನ್ನು ಹೇರುವ ಕೋಚ್ ಕೋಚೇ ಅಲ್ಲ.

ಬೆಣ್ಣೆದೋಸೆ ಭಕ್ತ

ಹಾಗಾದರೆ ಜಾತ್ರೆ ಕುಸ್ತಿಯೇ ವಾಸಿ. ತೂಕ ಇಲ್ಲ, ಕಣ್ಣಳತೆಯಲ್ಲಿ ಜೋಡಿ ಕಟ್ಟುತ್ತಾರೆ. ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಕುಸ್ತಿ ತಪ್ಪಿಸಿಕೊಂಡವನಲ್ಲ ನಾನು.

ಕ್ರೀಡಾ ಹಾಸ್ಟೆಲ್ ಹಳಬ

ಜಾತ್ರೆ ಕುಸ್ತಿ ನನಗೂ ಪ್ರಾಣ. ಆದರೆ ಅಲ್ಲೂ ಎಲ್ಲಾ ಶುದ್ಧ ಅನ್ನಬೇಡಿ. ಒಳಗೊಳಗೇ ಮಾತಾಡಿಕೊಂಡು ಸಮ ಮಾಡಿದ ಜೋಡಿಗಳನ್ನು ಜನ ಕೂಗಿ ಹೊರಗೆ ಕಳಿಸಿದ್ದನ್ನೂ ನೋಡಿದ್ದೇನೆ.

ಪಿಬಿ ರೋಡ್

ಇನ್ನೊಂದು ವಿಷಯ. ಸಂಪ್ರದಾಯದ ಕಲೆಗಳೇ ಈಗ ಕ್ರೀಡೆ ಆಗುತ್ತಿವೆ. 2022ರಲ್ಲಿ ಪಂಚಕುಲದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಮಲ್ಲಕಂಬ, ಕಳರಿಪಯಟ್ಟು, ಗತ್ಕಾ, ಥಾಂಗ್-ತಾ ಎಲ್ಲಾ ಸೇರಿದವು. ಪದಕ ಬಂದರೆ ಮಕ್ಕಳು ಬರುತ್ತಾರೆ, ಮಕ್ಕಳು ಬಂದರೆ ಕಂಬ ನಿಲ್ಲುತ್ತದೆ. ಅದರಲ್ಲಿ ನನಗೆ ಕೆಟ್ಟದ್ದು ಕಾಣುವುದಿಲ್ಲ.

ಮಟ್ಟಿ ಮೈ (ಹರಿಹರ)

ಮಲ್ಲಕಂಬ ಪೈಲ್ವಾನನ ಮೈ ಹುರಿಗೊಳಿಸಲು ಇದ್ದದ್ದು. ಈಗ ಕಂಬ ಹತ್ತುವವನಿಗೆ ಕುಸ್ತಿ ಗೊತ್ತಿಲ್ಲ, ಕುಸ್ತಿಯವನಿಗೆ ಕಂಬ ಗೊತ್ತಿಲ್ಲ. ಉಳಿಯಲಿ, ಬೇಡ ಅನ್ನಲ್ಲ. ಬೇರೆ ಬೇರೆಯಾಗಿ ಹೋಯಿತಲ್ಲ ಅಂತ ನೋವು.

ಕೆಳಗೋಟೆ ಅಕ್ಕ (ಚಿತ್ರದುರ್ಗ)

ಯಾರೂ ಎತ್ತದ ಮಾತು ಒಂದಿದೆ. ಗುರು ಹೇಳಿದ್ದೇ ಅಂತಿಮ, ಎದುರು ಮಾತಾಡಬಾರದು ಅನ್ನುವುದನ್ನೂ ನಾವು ಮೌಲ್ಯ ಅಂತಲೇ ಕರೆಯುತ್ತೇವೆ. 2023ರಲ್ಲಿ ದೇಶಕ್ಕೆ ಪದಕ ತಂದ ಕುಸ್ತಿ ಹೆಣ್ಣುಮಕ್ಕಳು ಲೈಂಗಿಕ ಕಿರುಕುಳದ ದೂರು ಹಿಡಿದು ದೆಹಲಿಯ ಜಂತರ್ ಮಂತರಿನಲ್ಲಿ ಬೀದಿಯಲ್ಲಿ ಕೂತರು. ಅಷ್ಟು ಹೆಸರಿದ್ದವರಿಗೇ ಬೀದಿಗೆ ಬರಬೇಕಾಯಿತು. ಸಣ್ಣ ಊರಿನ ಸಣ್ಣ ಕ್ಲಾಸಿನ ಹುಡುಗಿ ಯಾರಿಗೆ ಹೇಳುತ್ತಾಳೆ? ಗರಡಿ ಇರಲಿ, ಕರಾಟೆ ಇರಲಿ, ಹಾಸ್ಟೆಲ್ ಇರಲಿ, ಬಾಗಿಲು ತೆರೆದಿರಬೇಕು. ಅಪ್ಪ ಅಮ್ಮ ಯಾವಾಗ ಬೇಕಾದರೂ ಬಂದು ಕೂತು ನೋಡುವಂತಿರಬೇಕು. ಟೂರ್ನಮೆಂಟಿಗೆ ಹೊರಗೂರಿಗೆ ಹೋದರೆ ಜೊತೆಗೆ ಹೆಂಗಸೊಬ್ಬರು ಇರಲೇಬೇಕು. "ನೋಡಬೇಡಿ, ಮಕ್ಕಳ ಗಮನ ಹೋಗುತ್ತೆ" ಅನ್ನುವ ಮೇಷ್ಟ್ರ ಹತ್ತಿರ ನನ್ನ ಮಕ್ಕಳನ್ನು ನಾನು ಬಿಡಲ್ಲ.

ಮಟ್ಟಿ ಮೈ (ಹರಿಹರ)

ಅಕ್ಕಾ, ನೀವು ಹೇಳಿದ್ದು ನೂರಕ್ಕೆ ನೂರು ಸರಿ. ನಮ್ಮ ಗರಡಿಗೆ ಬಾಗಿಲೇ ಇಲ್ಲ, ಯಾರು ಬೇಕಾದರೂ ಬಂದು ಕೂರಬಹುದು. ಹೆಣ್ಣುಮಕ್ಕಳ ವಿಷಯ ಉಳಿದ ಹಿರಿಯರ ಜೊತೆ ಮಾತಾಡುತ್ತೇನೆ. ಬೇರೆ ಹೊತ್ತು ಗೊತ್ತು ಮಾಡಬಹುದು, ಹಳೇ ಮಹಿಳಾ ಪೈಲ್ವಾನ್ ಯಾರಾದರೂ ಹೇಳಿಕೊಡಲು ಸಿಕ್ಕರೆ ಇನ್ನೂ ಒಳ್ಳೆಯದು.

ಹಳೇಪೇಟೆಯವ (ದಾವಣಗೆರೆ)

ಎಲ್ಲರ ಮಾತೂ ಓದಿದೆ. ನಿನ್ನೆ ಕ್ಲಾಸಿಗೆ ಹೋಗಿ ಮೇಷ್ಟ್ರನ್ನೇ ಕೇಳಿದೆ. "ಈ ಸಲದ ಪರೀಕ್ಷೆ ಬೇಡ, ಅವನಿಗೆ ಬೀಳುವುದು, ಉರುಳುವುದು ಸರಿಯಾಗಿ ಬರಲಿ, ಆಮೇಲೆ ಕೂರಿಸಿ" ಅಂದೆ. ಅವರು "ಬ್ಯಾಚಿನವರೆಲ್ಲ ಮುಂದೆ ಹೋಗ್ತಾರೆ ಸರ್, ಇವನೊಬ್ಬ ಹಿಂದೆ ಉಳಿದರೆ ನಮಗೆ ಟೈಮ್ ಟೇಬಲ್ ಹಾಕಲು ಆಗಲ್ಲ" ಅಂದರು. ಜೋಡಿ ಕಟ್ಟಿ ಆಡಿಸುತ್ತೀರಾ ಅಂತ ಕೇಳಿದೆ. ಟೂರ್ನಮೆಂಟ್ ಬ್ಯಾಚಿಗೆ ಮಾತ್ರ, ಅದಕ್ಕೆ ಬೇರೆ ಫೀಸು ಅಂದರು. ಕೆಟ್ಟವರಲ್ಲ, ಮರ್ಯಾದೆಯಿಂದಲೇ ಮಾತಾಡಿದರು. ಆದರೆ ನನ್ನ ಮಗ ಅವರಿಗೆ ಬ್ಯಾಚಿನಲ್ಲಿ ಒಂದು ಹೆಸರು ಅಷ್ಟೇ. ಪ್ಯಾಕೇಜ್ ತಗೊಳ್ಳುತ್ತಿಲ್ಲ.

ಮನೆಯವಳ ಭಯ ಏಟಿನದಲ್ಲ, ಮಣ್ಣಿನದು. ಚರ್ಮದ ಕಾಯಿಲೆ ಬರುತ್ತೆ ಅಂತ. ಇದಕ್ಕೆ ಏನು ಹೇಳಲಿ ಪೈಲ್ವಾನ್ರೇ?

ಕ್ರೀಡಾ ಹಾಸ್ಟೆಲ್ ಹಳಬ

ನಿಮ್ಮ ಮನೆಯವರು ಹೇಳಿದ್ದು ಸುಳ್ಳಲ್ಲ. ಗಜಕರ್ಣ ಬರುತ್ತದೆ. ಮಣ್ಣಿನಲ್ಲೂ ಬರುತ್ತದೆ, ಒರೆಸದ ಮ್ಯಾಟಿನಲ್ಲಿ ಇನ್ನೂ ಬೇಗ. ಕೆಂಪು ಉಂಗುರದ ಥರ ಕಂಡರೆ ಅವತ್ತೇ ಸಾಮು ನಿಲ್ಲಿಸಿ ಚರ್ಮದ ಡಾಕ್ಟರಿಗೆ ತೋರಿಸಿ, ವಾಸಿ ಆಗುವವರೆಗೆ ಯಾರ ಜೊತೆಗೂ ಜೋಡಿ ಬೇಡ. ಮೆಡಿಕಲ್ ಶಾಪಿನಲ್ಲಿ ಕೇಳಿ ಸಿಕ್ಕಿದ್ದು ಹಚ್ಚಬೇಡಿ.

ಮಟ್ಟಿ ಮೈ (ಹರಿಹರ)

ಮೇಲಿನವರು ಹೇಳಿದ್ದು ಸರಿ. ಉಗುರು ಕತ್ತರಿಸಿ ಕಳಿಸಿ. ಸಾಮು ಮುಗಿದ ಕೂಡಲೇ ಸೋಪು ಹಚ್ಚಿ ಸ್ನಾನ, ಟವೆಲ್ ಅವನದೇ ಬೇರೆ ಇರಲಿ, ಲಂಗೋಟಿ ದಿನಾ ಒಗೆಯಬೇಕು. ಮಟ್ಟಿಯನ್ನು ನಾವು ಅಗೆದು ಬಿಸಿಲಿಗೆ ಹಾಕುತ್ತಿರುತ್ತೇವೆ, ಬಂದು ನೋಡಿ. ಹಳೇಪೇಟೆಯಿಂದ ಹರಿಹರಕ್ಕೆ ದಿನಾ ಬರುವುದು ಚಿಕ್ಕ ಹುಡುಗನಿಗೆ ಕಷ್ಟ. ನಿಮ್ಮೂರಲ್ಲೇ ನನಗೆ ಗೊತ್ತಿರುವ ಗರಡಿ ಇದೆ, ಅಲ್ಲಿನವರ ಹತ್ತಿರ ಮಾತಾಡಿ ತಿಳಿಸುತ್ತೇನೆ. ಮೊದಲ ದಿನ ನಿಮ್ಮ ಮನೆಯವರನ್ನೂ ಕರೆದುಕೊಂಡು ಹೋಗಿ, ಅವರು ಒಪ್ಪಿದ ಮೇಲೆ ಸೇರಿಸಿ.